ತಾತನ ಕಾರಿಗೆ ಬ್ರೇಕ್ ಹಿಡಿಯುತ್ತದೆಯೆ?

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ. (ಬೆಂಗಳೂರಿನ ಎಚ್‌ಎಎಲ್ ಸಮೀಪದ ತಿಪ್ಪಸಂದ್ರವಲ್ಲ, ಇದು ರಾಗಿ ಹೊಲಗಳ ಸೀಮೆಯ ಹೋಬಳಿ ಊರು.) ಇಲ್ಲಿಯ ಹಳೆಯ ಮನೆಯೊಂದರ ಕೊಟ್ಟಿಗೆಯಲ್ಲಿ 1960ರ ದಶಕದ ಅಂಬಾಸಿಡರ್ ಟಾರ್ಪಾಲು ಹೊದ್ದು ಹತ್ತಾರು ವರ್ಷಗಳಿಂದ ನಿಂತಿದೆ ಎಂದುಕೊಳ್ಳಿ. ದಸರಾ ರಜೆಗೆ ಬಂದ ಮೊಮ್ಮಗ ಹೊದಿಕೆ ಸರಿಸುತ್ತಾನೆ. ಹೊಸ ಬ್ಯಾಟರಿ, ಒಂದಿಷ್ಟು ಪೆಟ್ರೋಲು, ಕಾರ್ಬುರೇಟರಿಗೊಂದು ಸ್ನಾನ. ಇಷ್ಟಾದರೆ ಎಷ್ಟೋ ಸಲ ಇಂಥ ಎಂಜಿನ್ ಕೆಮ್ಮಿ ಕೆಮ್ಮಿ ಎದ್ದುಬಿಡುತ್ತದೆ.

"ತಾತ, ಸಾವನದುರ್ಗದ ತನಕ ಒಂದು ರೌಂಡ್ ಹೋಗಿಬರೋಣ್ವಾ?"

ತಾತ ಉತ್ತರ ಹೇಳುವುದಿಲ್ಲ. ಬಾಗಿಲು ತೆಗೆದು ಬ್ರೇಕ್ ಪೆಡಲನ್ನು ಒತ್ತುತ್ತಾರೆ. ಅದು ಸದ್ದಿಲ್ಲದೆ ನೆಲಕ್ಕೆ ಹೋಗಿ ಕೂರುತ್ತದೆ. ಸವಾರಿ ಅಲ್ಲಿಗೇ ಮುಗಿಯಿತು!

ಓಡದೆ ನಿಂತ ಕಾರಿನ ಬ್ರೇಕು ಸವೆಯುವುದಾದರೂ ಹೇಗೆ? ಹುಡುಗನಿಗೆ ಬರುವ ಈ ಸಂದೇಹ ಸಹಜವೇ. ಉತ್ತರ ಅವನ ವಿಜ್ಞಾನ ಪುಸ್ತಕದಲ್ಲಿಯೇ ಅರ್ಧ ಇದೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಹರಡುತ್ತದೆ ಎಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಹೇಳಿದನಲ್ಲ, ಅದೇ ನಿಯಮ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ದ್ರವ ಸಣ್ಣ ಕೊಳವೆಗಳ ಮೂಲಕ ನಾಲ್ಕೂ ಚಕ್ರಗಳಿಗೆ ಒತ್ತಡ ಮುಟ್ಟಿಸುತ್ತದೆ. ಅಲ್ಲಿಯ ವೀಲ್ ಸಿಲಿಂಡರು ಬ್ರೇಕ್ ಶೂಗಳನ್ನು ತಳ್ಳಿ, ತಿರುಗುತ್ತಿರುವ ಡ್ರಮ್ಮಿನ ಒಳಮೈಗೆ ಒತ್ತಿ ಹಿಡಿಸುತ್ತದೆ.

ಇದಕ್ಕೂ ಹಿಂದಿನ ಕಾರುಗಳಲ್ಲಿ ದ್ರವವಿರಲಿಲ್ಲ. ಹಳೆಯ ಸೈಕಲ್ಲುಗಳಲ್ಲಿದ್ದಂತೆ ಕಂಬಿ, ತಂತಿಗಳೇ ಎಲ್ಲ ಕೆಲಸ ಮಾಡುತ್ತಿದ್ದವು. ನಾಲ್ಕು ಕಂಬಿಗಳಲ್ಲಿ ಒಂದು ತುಸು ಬಿಗಿಯಾದರೆ ಸಾಕು, ಕಾರು ಒಂದು ಪಕ್ಕಕ್ಕೆ ಎಳೆಯುತ್ತಿತ್ತು. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಕ್ಕೆ ದ್ರವದ ಬ್ರೇಕ್ ಹಾಕಿಕೊಂಡು ಬಂತು. ಫೋರ್ಡ್ ಕಂಪನಿ ಮಾತ್ರ ಅದನ್ನು ಒಪ್ಪಿಕೊಂಡದ್ದು 1939ರ ಮಾದರಿಗಳಲ್ಲಿ.

ಆ ದ್ರವವನ್ನು ನಮ್ಮ ಗ್ಯಾರೇಜುಗಳಲ್ಲಿ 'ಬ್ರೇಕ್ ಆಯಿಲ್' ಎನ್ನುತ್ತಾರೆ. ಅನರ್ಥಕ್ಕೆ ಈ ಹೆಸರೇ ಮೂಲ. ಆಯಿಲ್ ತಾನೆ ಎಂದು ಎಂಜಿನ್ ಆಯಿಲನ್ನೇ ಸುರಿದವರಿದ್ದಾರೆ! ಒಳಗಿನ ರಬ್ಬರ್ ಕಪ್ಪುಗಳು ಅದರಿಂದ ಉಬ್ಬಿ ಹಾಳಾಗುತ್ತವೆ. ಸಾಮಾನ್ಯವಾಗಿ ಬಳಸುವ ಬ್ರೇಕ್ ದ್ರವ ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯದು. ಬೆಲ್ಲದಂತೆ ಗಾಳಿಯ ತೇವವನ್ನು ಹೀರಿಕೊಳ್ಳುವುದು ಅದರ ಸ್ವಭಾವ. ಕಾರು ನಿಂತಿದ್ದರೂ ಈ ಹೀರುವಿಕೆ ನಿಲ್ಲುವುದಿಲ್ಲ. ವರ್ಷಗಟ್ಟಲೆ ಸೇರಿದ ನೀರು ಸಿಲಿಂಡರುಗಳ ಒಳಮೈಗೆ ತುಕ್ಕು ಹಿಡಿಸಿ ಕುಳಿ ಬೀಳಿಸುತ್ತದೆ. ಆ ಕುಳಿಗಳ ಮೇಲೆ ಉಜ್ಜಿದ ರಬ್ಬರ್ ಹರಿದು ದ್ರವ ಹೊರಗೆ ಸೋರುತ್ತದೆ.

ಸೋರಿಕೆಯಾದರೂ ಕಣ್ಣಿಗೆ ಕಾಣುತ್ತದೆ. ಕಾಣದಿರುವುದು ಇನ್ನೊಂದು ಅಪಾಯ. ಜನರನ್ನು ಹೊತ್ತ ಅಂಬಾಸಿಡರಿನ ತೂಕ 1,200 ಕಿಲೋ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಿಂದ ಅದನ್ನು ನಿಲ್ಲಿಸುವಾಗ ಹುಟ್ಟುವ ಶಾಖದಲ್ಲಿ ಅರ್ಧ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿದಾಗ ಈ ಬಿಸಿ ದ್ರವಕ್ಕೂ ತಟ್ಟುತ್ತದೆ. ಡಾಟ್-3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇಕಡ 3.7ರಷ್ಟು ನೀರು ಬೆರೆತರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಆವಿ, ಆವಿಯನ್ನು ಹಿಸುಕಬಹುದು, ದ್ರವವನ್ನು ಹಿಸುಕಲಾಗದು. ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಹಿಸುಕುವುದಕ್ಕೇ ಖರ್ಚಾಗಿ ಶೂಗಳು ಅಲ್ಲಾಡುವುದೇ ಇಲ್ಲ. ಮನೆಯ ಮುಂದೆ ಸರಿಯಾಗಿದ್ದ ಬ್ರೇಕು ಬೆಟ್ಟದ ಇಳಿಜಾರಿನಲ್ಲಿ ಕೈಕೊಡುವುದು ಹೀಗೆ. ಆ ಕಾಲದ ಕಾರುಗಳಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ಒಂದೇ ದ್ರವದ ಜಾಲ. ಒಂದು ಕಡೆ ಸೋರಿದರೂ ನಾಲ್ಕೂ ಹೋದಂತೆಯೇ.

ವಿಚಿತ್ರವೆಂದರೆ, ಹಳೆಯ ಕಾರುಗಳ ಬಾಳೇ ನಿಲ್ಲುವುದು. 2021ರಲ್ಲಿ ಬಂದ ಕೇಂದ್ರ ಸರ್ಕಾರದ ನಿಯಮದಂತೆ, 50 ವರ್ಷ ದಾಟಿದ, ಮೂಲರೂಪ ಕೆಡದ ಖಾಸಗಿ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಆದರೆ ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕಾರಣಕ್ಕಷ್ಟೇ ಅದು ರಸ್ತೆಗಿಳಿಯಬೇಕು. ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯಗಳಲ್ಲಿ ಹೊಳೆಯುವ ಕಾರುಗಳನ್ನು ನೋಡುವಾಗ ಡ್ರಮ್ಮಿನ ಒಳಗೇನಿದೆಯೋ ಎಂದು ಯಾರು ಯೋಚಿಸುತ್ತಾರೆ?

ಇನ್ನು ರಿಪೇರಿ. ಇದು ಅನುಭವಿ ಮೆಕ್ಯಾನಿಕ್ಕನ ಕೆಲಸ. ಹುಡುಗರು ಜೊತೆಗಿದ್ದು ಕಲಿಯಬಹುದು. ಕಾರನ್ನು ಬರೀ ಜಾಕಿಯ ಮೇಲೆ ನಂಬಿ ಬಿಡಬಾರದು. ಗಟ್ಟಿ ಸ್ಟ್ಯಾಂಡುಗಳು ಬೇಕು. ಡ್ರಮ್ ಕಳಚಿದಾಗ ಕಾಣುವ ಬೂದಿಯಂಥ ಧೂಳನ್ನು ಬಾಯಿಂದಾಗಲಿ, ಏರ್ ಪೈಪಿನಿಂದಾಗಲಿ ಊದಲೇಕೂಡದು. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆಗಳು ಶ್ವಾಸಕೋಶಕ್ಕಿಳಿದರೆ ವರ್ಷಗಳ ನಂತರ ಕ್ಯಾನ್ಸರ್ ಬರಬಹುದು. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಬಿಸಾಡುವುದೇ ಕ್ಷೇಮ. ಮಕ್ಕಳನ್ನು ಆ ಹೊತ್ತು ದೂರ ಕಳಿಸಿ.

ದ್ರವ ಕುಡಿದ ಶೂಗಳು ಮತ್ತೆ ಬಳಕೆಗೆ ಬಾರವು. ಒಂದು ಚಕ್ರದ್ದು ಕೆಟ್ಟರೆ ಎದುರು ಚಕ್ರದ್ದನ್ನೂ ಬದಲಿಸಬೇಕು, ಇಲ್ಲದಿದ್ದರೆ ಕಾರು ಪಕ್ಕಕ್ಕೆ ಎಳೆಯುತ್ತದೆ. ರಬ್ಬರ್ ಹೋಸುಗಳದು ಇನ್ನೊಂದು ಮೋಸ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತವೆ. ಒತ್ತಿದಾಗ ದ್ರವ ಮುಂದೆ ಹೋಗುತ್ತದೆ, ಬಿಟ್ಟಾಗ ಹಿಂದೆ ಬರುವುದಿಲ್ಲ. ಚಕ್ರ ಹಿಡಿದುಕೊಂಡು ಕಾಯುತ್ತದೆ. ಅವನ್ನು ಬದಲಿಸುವುದಕ್ಕೆ ಹಿಂದೆಮುಂದೆ ನೋಡಬಾರದು.

ಎಲ್ಲ ಜೋಡಿಸಿದ ಮೇಲೆ ಕೊಳವೆಗಳಲ್ಲಿ ಸೇರಿಕೊಂಡ ಗಾಳಿ ತೆಗೆಯುವ ಸರದಿ. ಮೊಮ್ಮಗನಿಗೆ ಕೊನೆಗೂ ಒಂದು ಕೆಲಸ ಸಿಗುವುದು ಇಲ್ಲಿ. ಅವನು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಮೆಕ್ಯಾನಿಕ್ ಚಕ್ರದ ಬಳಿಯ ನಿಪ್ಪಲ್ ಸಡಿಲಿಸಬೇಕು. "ಒತ್ತು... ಹಿಡ್ಕೋ... ಈಗ ಬಿಡು." ನಿಪ್ಪಲ್ ಬಿಗಿಯಾಗುವ ಮೊದಲೇ ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ! ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭ. ಮೊದಲು ಕಾಫಿ ಬಣ್ಣದ ದ್ರವ, ಆಮೇಲೆ ಗುಳ್ಳೆಗಳು, ಕೊನೆಗೆ ತಿಳಿಯಾದದ್ದು ಬರುತ್ತದೆ. ಬಾನೆಟ್ಟಿನ ಮೇಲೆ ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ. ಕೂಡಲೇ ನೀರಿನಿಂದ ತೊಳೆಯಬೇಕು. ಹೊರಬಂದ ದ್ರವವನ್ನು ಮತ್ತೆ ಬಳಸುವಂತಿಲ್ಲ, ಹಿತ್ತಲಿಗೆ ಸುರಿಯುವಂತೆಯೂ ಇಲ್ಲ.

ಈಗ ತಾತ ಪೆಡಲ್ ಒತ್ತಿ ಒಂದು ನಿಮಿಷ ಹಾಗೆಯೇ ಹಿಡಿಯುತ್ತಾರೆ. ನಿಧಾನವಾಗಿ ಇಳಿದರೆ ಎಲ್ಲೋ ಸೋರುತ್ತಿದೆ. ಸ್ಪಂಜಿನಂತಿದ್ದರೆ ಗಾಳಿ ಉಳಿದಿದೆ. ಗಟ್ಟಿಯಾಗಿ ನಿಂತರೆ ಸಮತಟ್ಟಾದ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಮೊದಲ ಪರೀಕ್ಷೆ. ಸಾವನದುರ್ಗದ ಮಾತು ಇನ್ನೊಂದು ರಜೆಗೆ. ತಾತನ ಕಾಲು ಪೆಡಲಿನ ಮೇಲೆ, ಒಂದು ಕೈ ಹ್ಯಾಂಡ್‌ಬ್ರೇಕಿನ ಮೇಲೆ. ಅದು ಇಂದಿಗೂ ಬರೀ ತಂತಿ, ಕಂಬಿಯದೇ.