ಮುದ್ದೆ ಸೀಮೆ, ರೊಟ್ಟಿ ಸೀಮೆ, ಕುಚ್ಚಲಕ್ಕಿ ಸೀಮೆ

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಹೊರಟರೆ ನೆಲಮಂಗಲದ ಹತ್ತಿರ ಹೆದ್ದಾರಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ತುಮಕೂರು, ಚಿತ್ರದುರ್ಗ, ದಾವಣಗೆರೆ ದಾಟಿ ಹುಬ್ಬಳ್ಳಿ-ಧಾರವಾಡದ ಕಡೆ ಹೋಗುತ್ತದೆ. ಇನ್ನೊಂದು ಕುಣಿಗಲ್, ಹಾಸನ, ಸಕಲೇಶಪುರ ಹಾದು ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುತ್ತದೆ. ಈ ಕವಲಿಗೆ ಹತ್ತಿರದಲ್ಲೇ ಇರುವ ಊರು ಅರಿಶಿನಕುಂಟೆ. ಈ ಭಾಗದ ಹಳೆಯ ಮನೆಗಳಲ್ಲಿ ಊಟವೆಂದರೆ ರಾಗಿ ಮುದ್ದೆ. ಜೊತೆಗೆ ಬಸ್ಸಾರು, ಉಪ್ಪುಸಾರು, ಮಸ್ಸೊಪ್ಪು ಅಥವಾ ಅವರೆಕಾಳಿನ ಸಾರು. ಒಂದು ದಾರಿಯಲ್ಲಿ ಅರ್ಧ ದಿನ ಸಾಗಿದರೆ ತಟ್ಟೆಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಂದಿರುತ್ತವೆ. ಇನ್ನೊಂದು ದಾರಿಯಲ್ಲಿ ಅಷ್ಟೇ ಹೊತ್ತು ಸಾಗಿದರೆ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದು ಹಾಕಿದ ಸಾರು, ಮೀನು ಎದುರಾಗುತ್ತವೆ. ರಾಜ್ಯ ಒಂದೇ, ಒಲೆ ಬೇರೆ. ಇದಕ್ಕೆ ಕಾರಣ ಕೇಳಿದರೆ ‘ಅವರವರ ರುಚಿ’ ಎಂದು ಸುಮ್ಮನಾಗುವುದು ವಾಡಿಕೆ. ಆ ಉತ್ತರ ಸಾಲದು. ಆಯಾ ನೆಲದಲ್ಲಿ ಬೆಳೆದ ಕಾಳು, ಸೊಪ್ಪು, ಗೆಡ್ಡೆಗಳಲ್ಲಿರುವ ಗುಣದೋಷಗಳನ್ನು ತಲೆಮಾರುಗಳ ಅನುಭವದಿಂದ ನಿಭಾಯಿಸಿದ ಜ್ಞಾನವೇ ಮನೆಯಡುಗೆಯ ವೈವಿಧ್ಯ. ಬೆಳೆಯನ್ನು ಉಳಿಸಿಕೊಂಡು ಅಡುಗೆಯನ್ನು ಮರೆತರೆ ನಮಗೆ ದಕ್ಕುವುದು ಅರ್ಧ ಲಾಭ ಮಾತ್ರ.

ಮೊದಲು ನೆಲದಿಂದಲೇ ಶುರುಮಾಡೋಣ. ಕೃಷಿ ವಿಜ್ಞಾನಿಗಳು ಕರ್ನಾಟಕವನ್ನು ಹತ್ತು ಕೃಷಿ-ಹವಾಮಾನ ವಲಯಗಳಾಗಿ ವಿಂಗಡಿಸಿದ್ದಾರೆ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳು ಪೂರ್ವ ಒಣ ವಲಯಕ್ಕೆ ಸೇರಿವೆ. ವರ್ಷದ ಮಳೆ ಸುಮಾರು 700ರಿಂದ 900 ಮಿಲಿಮೀಟರ್. ಅದೂ ಹೊತ್ತಿಗೆ ಸರಿಯಾಗಿ ಬಂದರೆ ಉಂಟು. ಕೆಂಪು ಮಣ್ಣು ನೀರನ್ನು ಹೆಚ್ಚು ದಿನ ಹಿಡಿದಿಡದು. ಇಂಥ ನೆಲಕ್ಕೆ ಒಗ್ಗಿದ ಬೆಳೆ ರಾಗಿ. ಬಿಸಿಲು ಹೆಚ್ಚಿ ನೀರು ಕಡಿಮೆಯಾದಾಗಲೂ ದ್ಯುತಿಸಂಶ್ಲೇಷಣೆಯನ್ನು ಮಿತವ್ಯಯದಿಂದ ನಡೆಸುವ, ಸಿ-4 ಎಂದು ಕರೆಯುವ ಸಸ್ಯವರ್ಗಕ್ಕೆ ಅದು ಸೇರಿದೆ. ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಕೊಬ್ಬಿನ ಅಂಶ ತೀರಾ ಕಡಿಮೆ. ಹಾಗಾಗಿ ಹುಳ ಬೀಳುವುದೂ ಕಮಟುವುದೂ ಅಪರೂಪ. ಹಿಂದಿನವರು ಅದನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟು ಬರಗಾಲ ದಾಟುತ್ತಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕಗಳಲ್ಲಿ 100 ಗ್ರಾಂ ರಾಗಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ನಮೂದಾಗಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸು. ಇಷ್ಟೆಲ್ಲ ಗುಣವಿದ್ದರೂ ರಾಗಿಗೆ ಎರಡು ಕೊರತೆಗಳಿವೆ. ಗೋಧಿ ಹಿಟ್ಟನ್ನು ಎಳೆಯಾಗಿ ಹಿಡಿದಿಡುವ ಗ್ಲುಟೆನ್ ಅದರಲ್ಲಿಲ್ಲ. ಜೊತೆಗೆ ಸಿಪ್ಪೆಯಲ್ಲಿರುವ ಟ್ಯಾನಿನ್, ಫೈಟೇಟ್‌ಗಳು ಕಬ್ಬಿಣದಂಥ ಖನಿಜಗಳನ್ನು ಕಟ್ಟಿಹಾಕಿ ದೇಹಕ್ಕೆ ಪೂರ್ತಿ ಸಿಗದಂತೆ ಮಾಡುತ್ತವೆ. ಈ ಎರಡು ಕೊರತೆಗಳಿಗೆ ಇಲ್ಲಿನ ಅಡುಗೆಮನೆ ಏನು ಮಾಡಿತು ಎಂಬುದೇ ನಿಜವಾದ ಕಥೆ.

ಮುದ್ದೆ ತೊಳಸುವುದನ್ನು ಗಮನಿಸಿ. ಎಸರಿಗಿಟ್ಟ ನೀರಿಗೆ ಮೊದಲು ಒಂದೆರಡು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಹಾಕುತ್ತಾರೆ. ನೀರು ಗಂಜಿಯಂತೆ ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ತೂತು ಮಾಡಿ, ಕೂಡಲೇ ಕಲಕದೆ ಸಣ್ಣ ಉರಿಯಲ್ಲಿ ಬೇಯಲು ಬಿಡುತ್ತಾರೆ. ಆಮೇಲಷ್ಟೇ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೋಲಿನಿಂದ ತೊಳಸುವುದು. ಇದರಲ್ಲಿ ಒಂದೊಂದು ಹೆಜ್ಜೆಗೂ ಕಾರಣವಿದೆ. ಪಿಷ್ಟದ ಕಣಗಳು ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಒಣ ಹಿಟ್ಟನ್ನು ಕುದಿನೀರಿಗೆ ಹಾಕಿ ಒಮ್ಮೆಲೇ ಕಲಕಿದರೆ ಪ್ರತಿ ಉಂಡೆಯ ಹೊರಮೈ ಮೊದಲು ಅಂಟಾಗಿ ಒಳಕ್ಕೆ ನೀರು ಹೋಗದಂತೆ ತಡೆಯುತ್ತದೆ. ಗಂಟು ಉಳಿದು ಒಳಗೆ ಹಸಿ ಹಿಟ್ಟು ಕೂರುತ್ತದೆ. ಮೊದಲೇ ಕದಡಿದ ಹಿಟ್ಟು ನೀರನ್ನು ಮಂದಗೊಳಿಸುತ್ತದೆ, ತೂತಿನಿಂದ ಮೇಲೆ ಬರುವ ಆವಿ ಗುಡ್ಡೆಯನ್ನು ಒಳಗಿನಿಂದ ನೆನೆಸುತ್ತದೆ. ಗ್ಲುಟೆನ್ ಮಾಡಬೇಕಿದ್ದ ಕೆಲಸವನ್ನು ಇಲ್ಲಿ ಬೆಂದ ಪಿಷ್ಟವೇ ಮಾಡುತ್ತದೆ. ಇನ್ನು ಎರಡನೆಯ ಕೊರತೆ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿದಾಗ ಫೈಟೇಟ್ ಒಡೆಯುತ್ತದೆ, ಪಿಷ್ಟವನ್ನು ಸಕ್ಕರೆಯಾಗಿಸುವ ಅಮೈಲೇಸ್ ಕಿಣ್ವ ಹೆಚ್ಚುತ್ತದೆ. ಎಳೆಕೂಸಿಗೆ ಕೊಡುವ ಮೊಳಕೆ ರಾಗಿ ಹಿಟ್ಟಿನ ಸರಿ ಗಟ್ಟಿಯಾಗದೆ ತೆಳುವಾಗಿ, ಸುಲಭವಾಗಿ ಅರಗುವುದು ಇದರಿಂದಲೇ. ದೊಡ್ಡವರ ಮುದ್ದೆಯ ಪಕ್ಕ ಸೊಪ್ಪು, ಹುಣಸೆಹುಳಿ ಇರುತ್ತವೆ. ಹುಳಿ ಮತ್ತು ಸಿ ಜೀವಸತ್ವ ಕಬ್ಬಿಣ ಹೀರಿಕೆಗೆ ನೆರವಾಗುತ್ತವೆ. ಬಸ್ಸಾರಿನಲ್ಲಿ ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಅದರಲ್ಲೇ ಸಾರು ಮಾಡುವುದರಿಂದ ನೀರಿಗಿಳಿದ ಬಿ ಗುಂಪಿನ ಜೀವಸತ್ವಗಳೂ ಖನಿಜಗಳೂ ತಟ್ಟೆಗೆ ಮರಳುತ್ತವೆ.

ಅವರೆಯ ಕಥೆ ಇನ್ನೂ ಸೊಗಸು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುವುದು ಇಲ್ಲಿನ ಹಳೆಯ ಪದ್ಧತಿ. ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂಬಿಡುವ ಗಿಡ. ಹೀಗಾಗಿ ರಾಗಿಯ ಜೊತೆ ಬಿತ್ತಿದರೂ ಅದಕ್ಕೆ ಪೈಪೋಟಿ ಕೊಡದೆ, ರಾಗಿ ಕೊಯ್ಲಾದ ಮೇಲೆ ನೆಲದಲ್ಲುಳಿದ ತೇವವನ್ನೂ ಮಂಜನ್ನೂ ನೆಚ್ಚಿ ಡಿಸೆಂಬರ್-ಜನವರಿಯಲ್ಲಿ ಕಾಯಿ ಕಟ್ಟುತ್ತದೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಸೊಗಡವರೆ ಎಂದು ಜನ ಹುಡುಕಿಕೊಂಡು ಹೋಗುವ ಆ ಘಮ, ಕಾಯಿಯ ಮೇಲೆ ಅಂಟಂಟಾಗಿ ಜಿನುಗುವ ಎಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳದ್ದು. ಹೊಲದ ಈ ಜೊತೆ ತಟ್ಟೆಯಲ್ಲೂ ಜೊತೆಯೇ. ಸಿರಿಧಾನ್ಯಗಳ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ಅವರೆಯಂಥ ಕಾಳುಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೋನೀನ್ ರಾಗಿಯಲ್ಲಿ ಚೆನ್ನಾಗಿದೆ. ಮುದ್ದೆ ಮತ್ತು ಅವರೆಕಾಳಿನ ಸಾರು ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅವರೆಯಲ್ಲೂ ದೋಷವಿದೆ. ಹಸಿ ಕಾಳಿನಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ವಸ್ತುಗಳಿದ್ದು ಚೆನ್ನಾಗಿ ಬೇಯಿಸಿದಾಗ ಅವು ನಿಷ್ಕ್ರಿಯವಾಗುತ್ತವೆ. ನೆನೆಹಾಕಿ ಹಿತುಕಿ ಸಿಪ್ಪೆ ತೆಗೆದಾಗ ಸಿಪ್ಪೆಯೊಂದಿಗೆ ಟ್ಯಾನಿನ್ ಹೊರಹೋಗುತ್ತದೆ. ಹಿತುಕಿದ ಬೇಳೆ ಸಾರಿನ ಹಿಂದೆ ರುಚಿಯ ಆಸೆಯ ಜೊತೆಗೆ ಜೀರ್ಣದ ಲೆಕ್ಕವೂ ಇದೆ.

ಈಗ ಎರಡೂ ಕವಲುಗಳ ತುದಿಗೆ ಹೋಗೋಣ. ಉತ್ತರದ ಎರೆಮಣ್ಣು ಮಳೆಗಾಲದ ನೀರನ್ನು ಹೀರಿ ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಅದನ್ನು ನಂಬಿ ಹಿಂಗಾರಿ ಬಿಳಿಜೋಳ ಬೆಳೆಯುತ್ತದೆ. ಜೋಳದಲ್ಲೂ ಗ್ಲುಟೆನ್ ಇಲ್ಲ. ಅಲ್ಲಿನ ಹೆಣ್ಣುಮಕ್ಕಳು ಹಿಟ್ಟಿಗೆ ಕುದಿನೀರು ಹಾಕಿ ಒಂದಿಷ್ಟು ಪಿಷ್ಟವನ್ನು ಅಂಟಾಗಿಸಿ, ನಾದಿ, ರೊಟ್ಟಿ ಬಡಿಯುತ್ತಾರೆ. ಸಜ್ಜೆಯಲ್ಲಿ ಕೊಬ್ಬು ಸುಮಾರು ಶೇಕಡ 5ರಷ್ಟಿದ್ದು, ಹಿಟ್ಟು ಮಾಡಿದ ಮೇಲೆ ಲೈಪೇಸ್ ಕಿಣ್ವ ಅದನ್ನು ಒಡೆದು ಕೆಲವೇ ದಿನಗಳಲ್ಲಿ ಕಹಿ ಮಾಡುತ್ತದೆ. ಹಾಗಾಗಿ ಆ ಹಿಟ್ಟನ್ನು ಬೇಕಾದಷ್ಟೇ ಬೀಸಿಸಿಕೊಳ್ಳುವುದು ಜಾಣತನ. ಕಟಕು ರೊಟ್ಟಿಯನ್ನು ವಾರಗಟ್ಟಲೆ ಇಡಲು ಆಗುವುದು ಆ ಸೀಮೆಯ ಒಣ ಗಾಳಿಯಿಂದ. ಅದೇ ರೊಟ್ಟಿಯನ್ನು ಜುಲೈನಲ್ಲಿ ಮಂಗಳೂರಿನ ಮನೆಯಲ್ಲಿ ತೆರೆದಿಟ್ಟರೆ ಗಾಳಿಯ ತೇವ ಹೀರಿ ಬೇಗ ಮೆತ್ತಗಾಗುತ್ತದೆ. ಕರಾವಳಿಯವರು ಬೇಸಿಗೆಯಲ್ಲೇ ಹಪ್ಪಳ, ಸಂಡಿಗೆ ಒಣಗಿಸಿ, ಮಾವಿನಮಿಡಿ, ಹಲಸಿನ ತೊಳೆಗಳನ್ನು ಉಪ್ಪುನೀರಿಗೆ ಹಾಕಿಡುತ್ತಾರೆ. ಅಲ್ಲಿನ ಕುಚ್ಚಲಕ್ಕಿಯಲ್ಲಿ, ಭತ್ತ ಬೇಯಿಸುವಾಗ ತೌಡಿನಲ್ಲಿರುವ ಥಯಾಮಿನ್ ಕಾಳಿನೊಳಕ್ಕೆ ಇಳಿದು ಗಿರಣಿಯಲ್ಲಿ ಪೂರ್ತಿ ಕಳೆದುಹೋಗದೆ ಉಳಿಯುತ್ತದೆ. ಮಲೆನಾಡಿನ ಕಳಲೆಯಲ್ಲಿ, ಅಂದರೆ ಎಳೆ ಬಿದಿರಿನ ಮೊಳಕೆಯಲ್ಲಿ, ಸಯನೈಡ್ ಬಿಡುಗಡೆ ಮಾಡುವ ಟ್ಯಾಕ್ಸಿಫಿಲಿನ್ ಇದೆ. ಅದನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಬೇಯಿಸುವ ಕ್ರಮ ವಿಷವನ್ನು ಹೊರಹಾಕುತ್ತದೆ. ಪತ್ರೊಡೆಗೆ ಬಳಸುವ ಕೆಸುವಿನ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿದ್ದು ಗಂಟಲು ತುರಿಸುತ್ತವೆ. ಹುಣಸೆಹುಳಿ ಸೇರಿಸಿ ಚೆನ್ನಾಗಿ ಬೇಯಿಸಿದಾಗ ತುರಿಕೆ ತಗ್ಗುತ್ತದೆ.

ಬೆಳೆ ಉಳಿದು ಅಡುಗೆ ಕಳೆದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಠೋರ ಪುರಾವೆ ಸಿಕ್ಕಿದೆ. ಅಲ್ಲಿಯೂ ಮನೆಯಡುಗೆ ಸೀಮೆಯಿಂದ ಸೀಮೆಗೆ ಬೇರೆ; ದಕ್ಷಿಣದ ಬಡವರ ಮುಖ್ಯ ಆಹಾರ ಮೆಕ್ಕೆಜೋಳವಾಗಿತ್ತು. ಆ ಖಂಡದ ಅನೇಕ ಮೂಲನಿವಾಸಿ ಸಮುದಾಯಗಳು ಮೆಕ್ಕೆಜೋಳವನ್ನು ಸುಣ್ಣದ ಅಥವಾ ಬೂದಿಯ ನೀರಿನಲ್ಲಿ ಬೇಯಿಸಿಯೇ ಬಳಸುತ್ತಿದ್ದವು. ಕಾಳಿನಲ್ಲಿ ಬಂಧಿಯಾಗಿರುವ ನಿಯಾಸಿನ್ ಎಂಬ ಜೀವಸತ್ವ ಆ ಕ್ಷಾರದಿಂದ ಬಿಡುಗಡೆಯಾಗುತ್ತದೆ. ಮೆಕ್ಕೆಜೋಳವನ್ನೇ ನೆಚ್ಚಿಕೊಂಡ ದಕ್ಷಿಣದ ಬಡ ಕುಟುಂಬಗಳಲ್ಲಿ ಈ ಕ್ರಮ ಉಳಿದಿರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಅಲ್ಲಿ ಪೆಲಾಗ್ರಾ ಕಾಯಿಲೆ ಹರಡಿ ಸಾವಿರಾರು ಜನ ಸತ್ತರು. ಅದು ಸೋಂಕುರೋಗ ಎಂದೇ ಹಲವರು ನಂಬಿದ್ದರು. 1914ರಲ್ಲಿ ತನಿಖೆಗಿಳಿದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಕಾರಣ ಆಹಾರದಲ್ಲಿದೆ ಎಂದು ತೋರಿಸಿದರು. ಕೊರತೆಯಿದ್ದದ್ದು ನಿಯಾಸಿನ್ ಎಂಬುದು 1937ರಲ್ಲಿ ಕಾನ್ರಾಡ್ ಎಲ್ವೆಹೆಮ್ ಅವರ ಸಂಶೋಧನೆಯಿಂದ ಗೊತ್ತಾಯಿತು. ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದ ಹೆಂಗಸರಿಗೆ ಜೀವಸತ್ವದ ಹೆಸರು ಗೊತ್ತಿರಲಿಲ್ಲ. ಕ್ರಮ ಸರಿಯಾಗಿತ್ತು, ಅಷ್ಟೇ ಸಾಕಾಗಿತ್ತು.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಎಲ್ಲವನ್ನೂ ಮಣ್ಣು-ಮಳೆಯೇ ತೀರ್ಮಾನಿಸುವುದಾದರೆ ಒಂದೇ ಊರಿನ ಎರಡು ಕೇರಿಗಳಲ್ಲಿ ಅಡುಗೆ ಬೇರೆಯಾಗುವುದೇಕೆ ಎಂಬುದು ಮೊದಲನೆಯದು. ಪ್ರಶ್ನೆ ನ್ಯಾಯವಾದದ್ದು. ಜಾತಿ, ಬಡತನ, ವ್ಯಾಪಾರ ಇವೆಲ್ಲ ಅಡುಗೆಯನ್ನು ರೂಪಿಸಿವೆ. ಈ ಸೀಮೆಯಲ್ಲಿ ಅನ್ನ ಬಹುಕಾಲ ಹಬ್ಬದ ಊಟವಾಗಿತ್ತು, ಉಳ್ಳವರ ಊಟವಾಗಿತ್ತು. ರಾಗಿಯ ಮೂಲವೇ ಪೂರ್ವ ಆಫ್ರಿಕ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ ಅಮೆರಿಕ ಖಂಡದಿಂದ ಬಂದವು. ಜೋಳದಿಂದ ಮುದ್ದೆ ಮಾಡುವವರಿದ್ದಾರೆ, ರಾಗಿಯಿಂದ ರೊಟ್ಟಿ ತಟ್ಟುವವರಿದ್ದಾರೆ. ಆದ್ದರಿಂದ ಮಣ್ಣು ಅಡುಗೆಯನ್ನು ತೀರ್ಮಾನಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಮಣ್ಣು ಎಲ್ಲೆ ಹಾಕುತ್ತದೆ, ಆ ಎಲ್ಲೆಯೊಳಗೆ ಆಯ್ಕೆ ಮಾಡುವವರು ಜನ. ಹೊರಗಿನಿಂದ ಬಂದ ಬೆಳೆಯೂ ಇಲ್ಲಿನ ನೆಲಕ್ಕೂ ಒಲೆಗೂ ಒಗ್ಗಿದಾಗಲೇ ಉಳಿಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ದೂರದ ನೆಂಟರನ್ನು ಸೇರಿಸಿ ಹೊಸ ತಳಿ ಹುಟ್ಟಿದರೂ ಅದು ಹೊಕ್ಕಿದ್ದು ಮುದ್ದೆಯ ಪಾತ್ರೆಯನ್ನೇ.

ಎರಡನೆಯ ಆಕ್ಷೇಪ ವಿಜ್ಞಾನದ ಒಳಗಿನದು. ಅಡುಗೆಯ ಪ್ರತಿ ಪದ್ಧತಿಗೂ ಒಂದು ವೈಜ್ಞಾನಿಕ ಕಾರಣ ಹೊಂದಿಸುವುದು ಸುಲಭ, ಸಾಬೀತು ಮಾಡುವುದು ಕಷ್ಟ. ಮಸಾಲೆಯ ವಿಚಾರ ಇದಕ್ಕೆ ಒಳ್ಳೆಯ ಪಾಠ. 1998ರಲ್ಲಿ ಬಿಲ್ಲಿಂಗ್ ಮತ್ತು ಶೆರ್ಮನ್ ಎಂಬ ಸಂಶೋಧಕರು 36 ದೇಶಗಳ ಅಡುಗೆ ಪುಸ್ತಕಗಳನ್ನು ಪರಿಶೀಲಿಸಿ, ಬಿಸಿ ದೇಶಗಳಲ್ಲಿ ಮಸಾಲೆ ಹೆಚ್ಚು, ಅದು ರೋಗಾಣುಗಳಿಂದ ರಕ್ಷಣೆಗೆ ಎಂದು ವಾದಿಸಿದರು. ವಾದ ಹಲವರಿಗೆ ಹಿಡಿಸಿತು. ಆದರೆ 2021ರಲ್ಲಿ ಲಿಂಡೆಲ್ ಬ್ರೋಮ್‌ಹ್ಯಾಮ್ ಮತ್ತು ಸಂಗಡಿಗರು 70 ಪಾಕಪದ್ಧತಿಗಳ 33,000ಕ್ಕೂ ಹೆಚ್ಚು ಅಡುಗೆ ವಿಧಾನಗಳನ್ನು ವಿಶ್ಲೇಷಿಸಿದಾಗ ಆ ವಿವರಣೆಗೆ ಆಧಾರ ಸಿಗಲಿಲ್ಲ. ಮಸಾಲೆಯ ಪ್ರಮಾಣ ರಸ್ತೆ ಅಪಘಾತದ ಸಾವುಗಳ ಜೊತೆಗೂ ಹೊಂದುತ್ತಿತ್ತು; ಎರಡು ಸಂಗತಿ ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಈ ಎಚ್ಚರಿಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಳಲೆಯ ಸಯನೈಡ್, ಮೊಳಕೆಯ ಫೈಟೇಟ್, ಕುಚ್ಚಲಕ್ಕಿಯ ಥಯಾಮಿನ್ ಪ್ರಯೋಗಾಲಯದಲ್ಲಿ ಅಳೆಯಬಹುದಾದ ಸಂಗತಿಗಳು. ಅಳೆದು ನೋಡಿದ್ದನ್ನಷ್ಟೇ ನೆಚ್ಚಬೇಕು. ‘ರಾಗಿ ತಿಂದರೆ ಸಕ್ಕರೆ ಕಾಯಿಲೆ ಬರುವುದೇ ಇಲ್ಲ’ ಎಂಬಂಥ ಮಾತುಗಳನ್ನು ಹಾಗೆ ನಂಬಲಾಗದು. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಬೇಗ ಅರಗಿ ರಕ್ತದ ಸಕ್ಕರೆಯನ್ನು ಏರಿಸಬಲ್ಲದು.

ಮೂರನೆಯ ಆಕ್ಷೇಪ ಹಸಿವಿನದು. 2013ರಲ್ಲಿ ರಾಜ್ಯದ ಅನ್ನಭಾಗ್ಯ ಪಡಿತರ ಯೋಜನೆ ಬಂದಾಗ ಅಕ್ಕಿ ಬಡವರ ಮನೆಗಳಿಗೆ ತಲುಪಿತು. ಹೊಟ್ಟೆ ತುಂಬುವುದರ ಮುಂದೆ ವೈವಿಧ್ಯದ ಮಾತೇಕೆ ಎಂದು ಕೇಳಬಹುದು. ಹಸಿವು ನೀಗುವುದೇ ಮೊದಲ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಮುದ್ದೆ ತೊಳಸುವ, ರೊಟ್ಟಿ ಬಡಿಯುವ ದುಡಿಮೆ ಹೆಚ್ಚಾಗಿ ಹೆಂಗಸರ ಹೆಗಲಿಗೇ ಬಿದ್ದಿತ್ತು ಎಂಬುದನ್ನೂ ಮರೆಯುವಂತಿಲ್ಲ. ಹೊಟ್ಟೆ ತುಂಬಿದ ಮೇಲೂ ರಕ್ತಹೀನತೆ, ಸೂಕ್ಷ್ಮ ಪೋಷಕಾಂಶಗಳ ಕೊರತೆ ಉಳಿದಿವೆ. ದಕ್ಷಿಣಕ್ಕೆ ರಾಗಿ, ಉತ್ತರಕ್ಕೆ ಜೋಳವನ್ನು ಪಡಿತರದಲ್ಲಿ ಕೊಡುವ ಪ್ರಯತ್ನ ನಡೆದಿರುವುದು ಸರಿಯಾದ ದಾರಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ರಾಗಿಯ ಬಿಸ್ಕತ್ತು, ಶಾವಿಗೆಗಳು ಅಂಗಡಿ ತುಂಬಿವೆ. ಕಾಳು ಪೊಟ್ಟಣಕ್ಕೆ ಬಂತು. ಅದರ ಜೊತೆಗಿದ್ದ ಮೊಳಕೆ, ಹುಳಿ, ಸೊಪ್ಪು, ಅವರೆ ಬರಲಿಲ್ಲ.

ಅರಿಶಿನಕುಂಟೆಯಂಥ ಊರುಗಳ ಸುತ್ತ ಹೊಲಗಳು ಬಡಾವಣೆ, ಗೋದಾಮುಗಳಾಗುತ್ತಿರುವಾಗ ಈ ಅಡುಗೆಯ ಜ್ಞಾನವನ್ನು ಕಾಪಾಡಲು ಉಳಿದಿರುವ ಕಾಲ ಕಡಿಮೆ. ನಾಟಿ ತಳಿಗಳ ಬೀಜವನ್ನು ಜೋಪಾನ ಮಾಡುವ ಕೃಷಿ ವಿಶ್ವವಿದ್ಯಾಲಯಗಳು, ಆ ತಳಿಯನ್ನು ಯಾವ ಊರಿನವರು ಹೇಗೆ ನೆನೆಸುತ್ತಿದ್ದರು, ಎಷ್ಟು ಹೊತ್ತು ಬೇಯಿಸುತ್ತಿದ್ದರು, ಯಾವುದರ ಜೊತೆ ಉಣ್ಣುತ್ತಿದ್ದರು ಎಂಬುದನ್ನೂ ಬೀಜದ ಪಕ್ಕದಲ್ಲೇ ದಾಖಲಿಸಬೇಕು. ಗೃಹವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಯೋಜನೆ ಸಿಗದು. ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಇಷ್ಟು: ನಿಮ್ಮ ಮನೆಯ ಅಜ್ಜಿಯೋ ಅತ್ತೆಯೋ ಮಾಡುವ ಒಂದು ಅಡುಗೆಯನ್ನು ಅಳತೆ, ಹೊತ್ತು, ಕಾಳಿನ ತಳಿ ಸಮೇತ ಬರೆದಿಡಿ, ಹುಡುಗ-ಹುಡುಗಿಯರಿಬ್ಬರಿಗೂ ಅದನ್ನು ಕಲಿಸಿ.