ಅಳಿದ ರಾಜಧಾನಿಯ ಅಳಿಯದ ಕಾಲುವೆಗಳು

ಹೊಸಪೇಟೆಯಿಂದ ಹಂಪೆಗೆ ಹೊರಟ ಪ್ರವಾಸಿಗನ ಕಣ್ಣು ವಿರೂಪಾಕ್ಷನ ಗೋಪುರವನ್ನೇ ಅರಸುತ್ತಿರುತ್ತದೆ. ದಾರಿಯ ಇಕ್ಕೆಲದ ಬಾಳೆಯ ತೋಟಗಳನ್ನಾಗಲಿ, ಅವುಗಳ ಬುಡವನ್ನು ತೊಯ್ಯಿಸುತ್ತ ಸದ್ದಿಲ್ಲದೆ ಸಾಗುವ ನೀರನ್ನಾಗಲಿ ಆತ ಗಮನಿಸುವುದು ಅಪರೂಪ. ವಿರೂಪಾಕ್ಷನ ಗುಡಿಯಂತೆ, ವಿಜಯನಗರದ ಅರಸರ ಈ ಕಾಲುವೆಗಳೂ ಇಂದಿಗೂ ತಮ್ಮ ಮೂಲ ಕೆಲಸವನ್ನೇ ಮಾಡುತ್ತಿವೆ ಎಂಬುದನ್ನು ಆತನಿಗೆ ಹೇಳುವವರೂ ವಿರಳ.

ಕೃಷ್ಣದೇವರಾಯನ ಆಳ್ವಿಕೆಯಲ್ಲಿ ಇಂದಿನ ಹೊಸಪೇಟೆಯ ಬಳಿ, ಎರಡು ಗುಡ್ಡಗಳ ನಡುವೆ, ಭಾರಿ ಕೆರೆಯೊಂದರ ಏರಿ ಎದ್ದಿತು. ಅಲ್ಲಿ ಇರುವೆಗಳಂತೆ ಮುತ್ತಿ ದುಡಿಯುತ್ತಿದ್ದ ಸಾವಿರಾರು ಜನರನ್ನು ಪೋರ್ಚುಗೀಸ್ ಪ್ರವಾಸಿ ಪಾಯಸ್ ಕಣ್ಣಾರೆ ಕಂಡನು. ಅವನ ನಾಡಿನವನೇ ಆದ ನೂನಿಜ್ ಬರೆದಿಟ್ಟಿರುವ ಸಂಗತಿ ಇನ್ನೂ ಸ್ವಾರಸ್ಯಕರವಾದುದು: ಹೊಸ ನೀರು ಹರಿದ ಭೂಮಿಯನ್ನು ಹಸನು ಮಾಡಿಕೊಳ್ಳಲೆಂದು ಅರಸನು ಅದನ್ನು ಪ್ರಜೆಗಳಿಗೆ ೯ ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟನಂತೆ! ಒಂದು ವರ್ಷದ ರಿಯಾಯಿತಿಗಾಗಿ ಅರ್ಜಿ ಹಿಡಿದು ಅಲೆಯುವ ಇಂದಿನ ರೈತನಿಗೆ ಇದು ಕಟ್ಟುಕತೆಯಂತೆ ಕೇಳಿಸೀತು.

ಕೆರೆಗಿಂತಲೂ ದೀರ್ಘಾಯುಗಳಾದವು ನದಿಯ ಕಾಲುವೆಗಳು. ತುಂಗಭದ್ರೆಯ ಬಂಡೆಗಳನ್ನೇ ಆಧಾರವಾಗಿಟ್ಟುಕೊಂಡು ತಗ್ಗಾದ ಒಡ್ಡುಗಳನ್ನು ಕಟ್ಟಿದರು. ಪ್ರವಾಹ ಬಂದರೆ ನೀರು ಒಡ್ಡಿನ ತಲೆಯ ಮೇಲೆಯೇ ಹಾಯ್ದುಹೋಗಬೇಕು, ಉಳಿದ ಕಾಲದಲ್ಲಿ ಪಕ್ಕದ ಕಾಲುವೆಗೆ ತಿರುಗಬೇಕು. ತುರುತ್ತು ಕಾಲುವೆ ಹಂಪೆಯ ಗುಡಿಗಳಿಗೂ ಅರಮನೆಯ ಆವರಣಕ್ಕೂ ನಡುವಣ ಕಣಿವೆಯನ್ನು ಹಸುರಾಗಿಸಿತು. ೧೫೬೫ರ ರಕ್ಕಸತಂಗಡಿ ಯುದ್ಧದ ಬಳಿಕ ರಾಜಧಾನಿ ಬರಿದಾಯಿತು. ಕಾಲುವೆ ಮಾತ್ರ ಬತ್ತಲಿಲ್ಲ. ಅರಸನಿಲ್ಲದ ಊರಿನಲ್ಲಿಯೂ ಹೂಳು ತೆಗೆಯುವವರು ಇದ್ದರಲ್ಲವೆ!

೧೯೫೩ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟು ಈ ಏರ್ಪಾಡನ್ನು ಬದಲಿಸಿತು. ಕೃಷ್ಣದೇವರಾಯನ ಕಾಲದ ವಲ್ಲಭಾಪುರದ ಒಡ್ಡು ಜಲಾಶಯದಲ್ಲಿ ಮುಳುಗಿತು. ಅದರಿಂದ ಹೊರಡುತ್ತಿದ್ದ ಬಸವಣ್ಣ ಕಾಲುವೆಗೆ ಅಣೆಕಟ್ಟಿನಿಂದಲೇ ನೀರು ಬಿಡುವಂತಾಯಿತು. ಹಳೆಯ ಕಾಲುವೆಯ ಜೀವ ಹೊಸ ಗೇಟಿನ ಕೈಗೆ ಬಂದಿತು. ಅದರ ಅರ್ಥವೇನೆಂಬುದನ್ನು ೨೦೨೪ರ ಆಗಸ್ಟ್ ೧೦ರ ರಾತ್ರಿ ಎಲ್ಲರಿಗೂ ತಿಳಿಸಿತು. ೩೩ ಗೇಟುಗಳಲ್ಲಿ ೧೯ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ತುಂಬಿದ್ದ ಜಲಾಶಯ ಕಣ್ಣೆದುರೇ ಖಾಲಿಯಾಗತೊಡಗಿತು. ಸುಮಾರು ಒಂದು ವಾರದೊಳಗೆ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಉಕ್ಕಿನ ತಡೆಗಳನ್ನು ಇಳಿಸಿ ತಂತ್ರಜ್ಞರು ಅದನ್ನು ತಡೆದರು. ಕಂಪ್ಲಿಯ ಭತ್ತದ ಗದ್ದೆಗಳಲ್ಲಿ ಆ ವಾರ ಯಾರಿಗೆ ತಾನೇ ನೆಮ್ಮದಿಯ ನಿದ್ರೆ ಬಂದೀತು?

ಇನ್ನು ಲೋಕದ ಸಂಸ್ಥೆಗಳ ಮಾತು. ಮಣ್ಣು ಕೆಡದಂತೆ, ನೀರು ಪೋಲಾಗದಂತೆ ಬೇಸಾಯ ಸಾಗಬೇಕೆಂದು ಅವು ಇಂದು ಸಾರುತ್ತಿವೆ. ೨೦೧೪ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕು ಕರ್ನಾಟಕದ ನೀರಿನ ಮಿತವ್ಯಯಕ್ಕೆ ಸಾಲ ನೀಡಲು ಮುಂದೆ ಬಂದಿತು. ಭದ್ರಾವತಿಯ ಗೊಂದಿ ಕಾಲುವೆಯ ಅನಂತರ ವಿಜಯನಗರ ಕಾಲುವೆಗಳ ನವೀಕರಣವೂ ಆ ಯೋಜನೆಗೆ ಸೇರಿತು. ಮಣ್ಣಿನ ಕಾಲುವೆ ಸೋರಿದರೆ ತಲೆಯ ಭಾಗದವನಿಗೆ ನೀರು ಹೆಚ್ಚು, ಕೊನೆಯವನಿಗೆ ಕೆಸರು ಮಾತ್ರ. ಆದುದರಿಂದ ಕಾಂಕ್ರೀಟಿನ ಹೊದಿಕೆ ಬೇಕೆಂಬ ವಾದ ಸುಳ್ಳಲ್ಲ. ಆದರೆ ಸೋರಿದ ನೀರೆಲ್ಲವೂ ನಷ್ಟವಲ್ಲ. ಅದು ಬಾವಿಗಿಳಿಯುತ್ತದೆ, ಮರದ ಬೇರಿಗೆ ಸೇರುತ್ತದೆ. ಕೆಲಸಕ್ಕಾಗಿ ನೀರು ನಿಲ್ಲಿಸಿದರೆ ಭತ್ತದವನು ಒಂದು ಬೆಳೆ ಕಳೆದುಕೊಂಡಾನು. ಬಾಳೆಯವನ ತೋಟವೇ ಒಣಗೀತು. ಈ ಲೆಕ್ಕ ಬ್ಯಾಂಕಿನ ಕಚೇರಿಗಿಂತ ಊರಿನ ನೀರುಗಂಟಿಗೆ ಚೆನ್ನಾಗಿ ಗೊತ್ತು. ಸಾಲದ ಹಣಕ್ಕಿಂತಲೂ ನೀರು ಬಳಕೆದಾರರ ಸಹಕಾರ ಸಂಘಗಳಲ್ಲಿ ಹೆಚ್ಚಿನ ಭರವಸೆಯಿಡಬೇಕಾದುದು ಈ ಕಾರಣದಿಂದ. ಯಾವ ತೂಬು ಎಂದು ತೆರೆಯಬೇಕೆಂಬುದನ್ನು ರೈತರೇ ಕೂಡಿ ನಿರ್ಧರಿಸುವ ಸಂಘ ಕಾಗದದ ಮೇಲಷ್ಟೇ ಉಳಿದರೆ, ಕಾಂಕ್ರೀಟು ಯಾರನ್ನೂ ಕಾಯದು.

ದಕ್ಷಿಣಕ್ಕೆ, ಸಂಡೂರಿನ ಗುಡ್ಡಗಳಲ್ಲಿ, ನೆರವು ಬೇರೆಯ ರೂಪದಲ್ಲಿ ಬಂದಿತು. ಅದಿರಿನ ಲಾರಿಗಳ ಕೆಂಧೂಳು ಹೊಲದ ಪೈರನ್ನು ಮುಸುಕಿದ ವರ್ಷಗಳವು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ೨೦೦೯ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. ೨೦೧೧ರ ಜುಲೈಯಲ್ಲಿ ಬಳ್ಳಾರಿಯ ಗಣಿಗಾರಿಕೆಗೆ ತಡೆಯಾಜ್ಞೆ ಬಿದ್ದಿತು. ಬೀಜ, ಗೊಬ್ಬರ ಕೊಡುವುದಷ್ಟೇ ರೈತನ ನೆರವಲ್ಲ. ಮುಂದೆ ಗಣಿಗಳು ಕಟ್ಟುಪಾಡುಗಳೊಡನೆ ಮರಳಿದವು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ೨೦೦೨ರಿಂದ ಜೀವಂತ ಬೇಸಾಯ ಪದ್ಧತಿಗಳನ್ನು ಪರಂಪರೆಯೆಂದು ಗೌರವಿಸುತ್ತ ಬಂದಿದೆ. ಕಾಶ್ಮೀರದ ಕೇಸರಿ, ಒಡಿಶಾದ ಕೋರಾಪುಟ್, ಕೇರಳದ ಕುಟ್ಟನಾಡು ಆ ಪಟ್ಟಿಗೆ ಸೇರಿವೆ. ಹಂಪೆಗಾದರೋ ೧೯೮೬ರಲ್ಲಿ ಯುನೆಸ್ಕೊ ಮನ್ನಣೆ ದೊರೆತುದು ಅದರ ಸ್ಮಾರಕಗಳಿಗಾಗಿ. ಆ ಕಲ್ಲುಗಳ ನಡುವೆ ಗುದ್ದಲಿ ಹಿಡಿದು ನಿಂತವನು ಅನೇಕ ವೇಳೆ ಅಡ್ಡಿಯಾಗಿ ಕಾಣುತ್ತಾನೆ, ವಾರಸುದಾರನಾಗಿ ಕಾಣುವುದಿಲ್ಲ.

ನದಿಯಾಚೆಯ ಆನೆಗುಂದಿಯಲ್ಲಿ ಶಮಾ ಪವಾರ್ ಅವರು ೧೯೯೭ರಲ್ಲಿ ಸ್ಥಾಪಿಸಿದ ಕಿಷ್ಕಿಂದಾ ಟ್ರಸ್ಟ್ ಇನ್ನೊಂದು ದಾರಿ ಹಿಡಿಯಿತು. ಬಾಳೆ ಒಮ್ಮೆಯೇ ಗೊನೆ ಹಾಕುವ ಗಿಡ. ಗೊನೆ ಕಡಿದ ಮೇಲೆ ದಿಂಡು ಕಸ. ಅಲ್ಲಿನ ಹೆಂಗಸರು ಆ ಕಸದಿಂದ ನಾರು ತೆಗೆದು, ಒಣಗಿಸಿ, ಹೊಸೆದು, ಚೀಲ ಚಾಪೆಗಳನ್ನು ಹೆಣೆಯುತ್ತಾರೆ. ಮನೆಯಂಗಳದಲ್ಲಿ ಕುಳಿತೇ ನಡೆಯುವ ಕೆಲಸ. ಬಂದ ಹಣ ಅವರ ಕೈಗೇ ಸೇರುತ್ತದೆ.