ಬೆರಳುದ್ದದ ದಾರ, ಇಪ್ಪತ್ತೇಳು ಕಿಲೋ ಎಳೆತ

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಶೀತಲ್ ದೇವಿ ಬಾಣ ಬಿಡುವಾಗ ಎಲ್ಲರ ಕಣ್ಣೂ ಅವರ ಕಾಲಿನ ಮೇಲಿತ್ತು. ಜಮ್ಮು–ಕಾಶ್ಮೀರದ ಕಿಶ್ತ್‌ವಾಡದ ಈ ಹುಡುಗಿಗೆ ಹುಟ್ಟಿನಿಂದಲೇ ತೋಳುಗಳಿಲ್ಲ. ಬಿಲ್ಲನ್ನು ಪಾದದಲ್ಲಿ ಹಿಡಿದು ಮುಂದಕ್ಕೆ ಒತ್ತುತ್ತಾರೆ. ಹೆದೆಯನ್ನು ಹಿಂದಕ್ಕೆಳೆಯುವ ಕೆಲಸ ಭುಜಕ್ಕೆ ಕಟ್ಟಿದ ರಿಲೀಸ್ ಉಪಕರಣದ್ದು. ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದ ಕಂಚನ್ನೂ ಗೆದ್ದರು.

ಶೀತಲ್ ಬಳಸುವಂಥ, ತುದಿಗಳಲ್ಲಿ ಗಾಲಿಗಳಿರುವ ಕಾಂಪೌಂಡ್ ಬಿಲ್ಲಿನಲ್ಲಿ ರಿಲೀಸ್‌ನ ಕೊಕ್ಕೆ ಸಾಮಾನ್ಯವಾಗಿ ಹೆದೆಯನ್ನು ನೇರವಾಗಿ ಮುಟ್ಟುವುದೇ ಇಲ್ಲ. ಹೆದೆಗೆ ಕಟ್ಟಿದ ಒಂದು ಪುಟ್ಟ ಕುಣಿಕೆಯನ್ನು, ಅಂದರೆ ಡಿ-ಲೂಪ್ ಅನ್ನು ಹಿಡಿಯುತ್ತದೆ. ಸ್ಪರ್ಧೆಯಲ್ಲಿ ಬಿಲ್ಲಿನ ಎಳೆತಕ್ಕೆ 60 ಪೌಂಡ್, ಅಂದರೆ ಸುಮಾರು 27 ಕಿಲೋ ಮಿತಿ. ಆ ಭಾರವೆಲ್ಲ ಬೀಳುವುದು ಈ ದಾರದ ಮೇಲೆ. ಕೊಕ್ಕೆ ಉಜ್ಜಿ ಸವೆಯುವುದು ಹೆದೆಯಲ್ಲ, ಸುಲಭವಾಗಿ ಬದಲಿಸಬಹುದಾದ ಕುಣಿಕೆ. ಎಳೆತವೂ ಬಾಣದ ಬೆನ್ನ ಹಿಂದೆಯೇ ನೇರವಾಗಿ ಬೀಳುತ್ತದೆ.

ಕಟ್ಟುವುದಕ್ಕೆ ಮುಂಚೆ ಜಾಗ ಗೊತ್ತುಮಾಡಬೇಕು. ಬೋ-ಸ್ಕ್ವೇರ್ ಎಂಬ ಮೂಲೆಮಟ್ಟದ ಅಳತೆಪಟ್ಟಿ ಇಟ್ಟು, ಬಾಣ ಹೆದೆಗೆ ಲಂಬವಾಗಿ ನಿಲ್ಲುವ ಬಿಂದು ಗುರುತಿಸಿಕೊಳ್ಳುತ್ತಾರೆ. ಆಮೇಲೆ ಸುಮಾರು ಎರಡು ಮಿಲಿಮೀಟರ್ ದಪ್ಪದ ಹೆಣೆದ ದಾರ, ನಾಲ್ಕೂವರೆ ಇಂಚಿನಷ್ಟು. ತುದಿಗಳ ಎಳೆ ಬಿಡಿಸಿ, ಲೈಟರ್ ಜ್ವಾಲೆ ತೋರಿಸಿದರೆ ಕರಗಿ ಉಂಡೆಗಟ್ಟುತ್ತವೆ. ಗಂಟು ಜಾರದಂತೆ ತಡೆಯುವುದು ಈ ಉಂಡೆ. ಆತುರಪಟ್ಟು ಕರಕಲು ಮಾಡಿದರೆ ಅದು ಪುಡಿಯಾಗಿ ಉದುರುತ್ತದೆ. ತೀರಾ ಚಿಕ್ಕದಾದರೆ ಎಳೆದಾಗ ಗಂಟಿನೊಳಗಿಂದ ನುಸುಳಿಹೋಗುತ್ತದೆ.

ಇನ್ನು ಗಂಟು. ದಾರವನ್ನು ಹೆದೆಗೆ ಒಂದು ಸುತ್ತು ತಂದು, ತನ್ನದೇ ಮೇಲೆ ದಾಟಿಸಿ, ಇನ್ನೊಂದು ಸುತ್ತು ಹಾಕಿ ಒಳಗಿಂದ ಹೊರಗೆಳೆಯಬೇಕು. ಬಾಣದ ಮೇಲೊಂದು, ಕೆಳಗೊಂದು. ಹೊಸಬರು ಎಡವುವುದು ಎರಡನೆಯದರಲ್ಲಿ. ಮೇಲಿನ ಗಂಟಿನ ಉಂಡೆ ಹೆದೆಯ ಎಡಕ್ಕಿದ್ದರೆ ಕೆಳಗಿನದು ಬಲಕ್ಕೆ ಬರಬೇಕು. ಎರಡೂ ಒಂದೇ ಬದಿಗೆ ಬಂದರೆ ಎಳೆದಾಗಲೆಲ್ಲ ಒಂದೇ ದಿಕ್ಕಿಗೆ ತಿರುಚಿಕೊಳ್ಳುತ್ತವೆ, ಕುಣಿಕೆ ಪಕ್ಕಕ್ಕೆ ವಾಲುತ್ತದೆ. ಎದುರುಬದುರಾಗಿದ್ದರೆ ಒಂದರ ತಿರುಚನ್ನು ಇನ್ನೊಂದು ಹಿಡಿದು ನಿಲ್ಲಿಸುತ್ತದೆ.

ಬಿಗಿಸುವುದಕ್ಕೆ ಬೆರಳಿನ ಬಲ ಸಾಲದು. ಕುಣಿಕೆಯೊಳಗೆ ಇಕ್ಕಳ ಹಾಕಿ ಹಿಗ್ಗಿಸುತ್ತಾರೆ, ಗಂಟು ಕಚ್ಚಿಕೊಂಡಿತು ಅನಿಸುವವರೆಗೆ. ನಡುವೆ ಬಾಣದ ಬುಡಕ್ಕೆ ತುಸು ಸಡಿಲ ಇರಲೇಬೇಕು. ಇಲ್ಲದಿದ್ದರೆ ಪೂರ್ತಿ ಎಳೆದಾಗ ಗಂಟುಗಳು ಬಾಣವನ್ನು ಹಿಸುಕುತ್ತವೆ. ಹೆದೆಯ ಮೇಲಿನ ಸುತ್ತುದಾರ ಸ್ಕ್ರೂವಿನ ಎಳೆಗಳಂತೆ ಇರುವುದರಿಂದ, ಕುಣಿಕೆಯನ್ನು ತಿರುಗಿಸಿದರೆ ಅದು ಕೂದಲೆಳೆಯಷ್ಟು ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಎತ್ತರವನ್ನು ಸೂಕ್ಷ್ಮವಾಗಿ ಹೊಂದಿಸಲು ಬಿಲ್ಗಾರರು ಬಳಸುವ ಈ ಉಪಾಯ ನನಗಂತೂ ಇಡೀ ಕೆಲಸದಲ್ಲೇ ಅತಿ ಜಾಣತನದ್ದು ಅನಿಸುತ್ತದೆ. ಐವತ್ತು ಮೀಟರ್ ದೂರದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಬರೀ 8 ಸೆಂಟಿಮೀಟರ್ ಎಂದ ಮೇಲೆ ಕೂದಲೆಳೆಯನ್ನೂ ಲೆಕ್ಕಕ್ಕಿಡಲೇಬೇಕು.

ಕುಣಿಕೆ ಪೂರ್ತಿ ಎಳೆದ ಸ್ಥಿತಿಯಲ್ಲಿ ಕಿತ್ತರೆ? ರಿಲೀಸ್ ಹಿಡಿದ ಮುಷ್ಟಿ ನೇರ ಮುಖಕ್ಕೆ ಬಡಿಯುತ್ತದೆ. ಬಾಣ ಎತ್ತ ಹಾರುತ್ತದೋ ಹೇಳುವಂತಿಲ್ಲ. ಹಾಗಾಗಿ ಹೊಸ ಕುಣಿಕೆ ಕಟ್ಟಿದವರು ಮೊದಲ ಕೆಲವು ಬಾಣಗಳನ್ನು ಗುರಿಹಲಗೆಯ ಹತ್ತಿರ ನಿಂತೇ ಬಿಟ್ಟು, ಗಂಟು ಕೂತಿದೆಯೇ, ಹೆದೆಯಲ್ಲಿ ಕೂರಿಸಿದ ಗುರಿಕಿಂಡಿ, ಅಂದರೆ ಪೀಪ್ ಸೈಟ್ ತಿರುಗಿದೆಯೇ ಎಂದು ನೋಡಬೇಕು.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡ ವಿಭಾಗ ಮೊದಲ ಬಾರಿಗೆ ಸೇರಿದೆ. 2023ರ ಬರ್ಲಿನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದಿತಿ ಸ್ವಾಮಿ, ಓಜಸ್ ದೇವತಳೆ ಇಬ್ಬರೂ ವೈಯಕ್ತಿಕ ಚಿನ್ನ ಗೆದ್ದ ದೇಶ ನಮ್ಮದು. ಈ ಬಿಲ್ಲು ಹಿಡಿಯುವ ಮಕ್ಕಳು ಹೆಚ್ಚಾದರೆ ಆಶ್ಚರ್ಯವಿಲ್ಲ. ನಿಮ್ಮ ಮಗ ಅಥವಾ ಮಗಳು ಅವರಲ್ಲೊಬ್ಬರಾದರೆ, ಕುಣಿಕೆಯ ನೂಲು ಎದ್ದು ಮುಳ್ಳುಮುಳ್ಳಾಗಿದೆಯೇ ಎಂದು ನೀವೇ ಒಮ್ಮೆ ನೋಡಿ. ಎದ್ದಿದ್ದರೆ ಅವತ್ತಿನ ಅಭ್ಯಾಸ ನಿಲ್ಲಿಸಿ, ತರಬೇತುದಾರರ ಕೈಯಿಂದಲೇ ಹೊಸದನ್ನು ಕಟ್ಟಿಸಿ.